ರಬ್ಬರ್ ತೋಟದ ಇಂಗಾಲ ಅಳೆಯುವುದು: ಟೇಪು, ತಕ್ಕಡಿ, ಮುರಕಲ್ಲು

ಸುಳ್ಯ, ಪುತ್ತೂರು, ಕಡಬ, ಬೆಳ್ತಂಗಡಿ ಕಡೆ ರಬ್ಬರ್ ತೋಟವಿದ್ದು ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು ಈಚೆಗೆ ಕೇಳುವುದು ಒಂದೇ ಮಾತು: ‘ನಮ್ಮ ತೋಟದಲ್ಲಿ ಎಷ್ಟು ಕಾರ್ಬನ್ ಇದೆ, ಅದಕ್ಕೆ ಕಾರ್ಬನ್ ಮಾರುಕಟ್ಟೆಯಲ್ಲಿ ಎಷ್ಟು ದುಡ್ಡು ಸಿಗುತ್ತದೆ?’ ಎರಡನೆಯ ಪ್ರಶ್ನೆಗೆ ಹೋಗುವ ಮುಂಚೆ ಮೊದಲನೆಯದು ಗಟ್ಟಿಯಾಗಬೇಕು. ನಾವು ಅಳತೆಯನ್ನು ತೋಟದಲ್ಲಿ ಮಾಡುತ್ತೇವೆ. ಮರದ ಬಿಲ್ಲೆ, ತರಗೆಲೆ, ಮಣ್ಣನ್ನು ಬೆಂಗಳೂರಿಗೆ ತಂದು ಒಣಗಿಸಿ, ತೂಗಿ, ಟೈಟ್ರೇಷನ್ ಮಾಡುತ್ತೇವೆ. ಆ ಕ್ರಮ ಪೂರ್ತಿಯಾಗಿ ಇಲ್ಲಿದೆ. ಈ ಕೆಲಸದಲ್ಲಿ ನಮಗೆ ಮನದಟ್ಟಾದ ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ. ಲೆಕ್ಕ ತಪ್ಪುವುದು ಮರದ ಅಳತೆಯಿಂದ ತೂಕ ತೆಗೆಯುವ ಸಮೀಕರಣದಿಂದ ಅಷ್ಟಾಗಿ ಅಲ್ಲ. ಟೇಪು ಸುತ್ತಿದ ಎತ್ತರ, ಅಳತೆಗೆಂದು ಗುರುತಿಸಿದ ಮಾದರಿ ತುಂಡಿನ (ಪ್ಲಾಟಿನ) ಅಂಚು ಹಾದುಹೋದ ಜಾಗ, ಮಣ್ಣಿನೊಳಗಿನ ಕಲ್ಲು, ಈ ಮೂರರಲ್ಲೇ ಬಹುಪಾಲು ತಪ್ಪು ಅಡಗಿರುತ್ತದೆ.

ಮರ ಅಳೆಯಲು ನಾವು ಹೋಗುವುದು ಜನವರಿಯಲ್ಲಿ. ಡಿಸೆಂಬರ್–ಜನವರಿಯಲ್ಲಿ ರಬ್ಬರ್ ಮರ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಮರದ ತುದಿ ಕಣ್ಣಿಗೆ ಬೀಳುವುದು ಆ ಕೆಲವು ವಾರ ಮಾತ್ರ. ಉಳಿದ ತಿಂಗಳುಗಳಲ್ಲಿ ಮೇಲೆ ಹಸಿರು ಚಪ್ಪರ ಕೂಡಿಕೊಂಡು, ಯಾವ ರೆಂಬೆ ಯಾವ ಮರದ್ದೆಂದು ಹೇಳುವುದೇ ಕಷ್ಟ. ಮಳೆಗಾಲದಲ್ಲಂತೂ ಹೋಗುವುದೇ ಇಲ್ಲ. ತೊಗಟೆ ನೀರು ಕುಡಿದಿರುತ್ತದೆ, ಟೇಪು ಜಾರುತ್ತದೆ, ಬರೆದ ಹಾಳೆ ಉಳಿಯುವುದಿಲ್ಲ.

ಮೊದಲ ಕೆಲಸ ವಿಸ್ತೀರ್ಣ. ಪಹಣಿಯಲ್ಲಿ 3 ಎಕರೆ 20 ಗುಂಟೆ ಎಂದಿದ್ದರೆ ಅಷ್ಟೂ ರಬ್ಬರ್ ಎಂದುಕೊಳ್ಳಬಾರದು. ಪಾರೆ, ತೋಡು, ರಸ್ತೆ, ಶೀಟ್ ಒಣಗಿಸುವ ಹೊಗೆಮನೆ ಎಲ್ಲವೂ ಅದರೊಳಗಿರುತ್ತವೆ. ಇದರ ತಿರುಗುಮುರುಗಾದ ಸಮಸ್ಯೆಯೂ ದಕ್ಷಿಣ ಕನ್ನಡದಲ್ಲಿ ಇದೆ. ಕುಮ್ಕಿ ಜಾಗದಲ್ಲಿ (ಸ್ವಂತ ಜಮೀನಿಗೆ ತಾಗಿದ ಸರ್ಕಾರಿ ಜಾಗ) ನೆಟ್ಟ ಮರಗಳು ತೋಟದಲ್ಲಿ ಕಾಣುತ್ತವೆ, ವರ್ಗ (ಸ್ವಂತ ಪಟ್ಟಾ) ಜಮೀನಿನ ಪಹಣಿಯಲ್ಲಿ ಇರುವುದಿಲ್ಲ. ಇಂಗಾಲದ ಒಪ್ಪಂದ ಎಂದರೆ ಹಕ್ಕಿನ ಪ್ರಶ್ನೆ. ಹಾಗಾಗಿ ಈ ಎರಡು ತುಂಡುಗಳನ್ನು ಮೊದಲ ದಿನವೇ ಬೇರೆ ಬೇರೆ ಗುರುತು ಮಾಡುತ್ತೇವೆ. ಮೊಬೈಲ್ ಜಿಪಿಎಸ್ ಚಪ್ಪರದ ಕೆಳಗೆ ಹಲವು ಮೀಟರ್ ಅತ್ತಿತ್ತ ಓಡಾಡುತ್ತದೆ. ದೊಡ್ಡ ತೋಟಕ್ಕೆ ಅದು ನಡೆಯುತ್ತದೆ. ಒಂದೆರಡು ಎಕರೆಯ ತುಂಡಿಗೆ ಟೇಪು ಎಳೆಯುವುದೇ ಸರಿ.

ಮರಗಳ ಸಂಖ್ಯೆಯನ್ನು ಟ್ಯಾಪಿಂಗ್ (ತೊಗಟೆ ಗೀರಿ ಹಾಲು ತೆಗೆಯುವುದು) ಮಾಡುವವರಿಂದ ಕೇಳಿ ಬರೆದುಕೊಳ್ಳುವ ರೂಢಿ ಇದೆ. ಅವರು ಹೇಳುವ ಲೆಕ್ಕ ಸುಳ್ಳಲ್ಲ, ಆದರೆ ಅದು ಹಾಲು ಕೊಡುವ ಮರಗಳ ಲೆಕ್ಕ. ಪಟ್ಟೆ ಒಣಗಿ ಹಾಲು ನಿಂತ ಮರಕ್ಕೆ ಕಪ್ ಕಟ್ಟುವುದಿಲ್ಲ, ಆದ್ದರಿಂದ ಅದು ಲೆಕ್ಕದಿಂದ ಬಿಟ್ಟುಹೋಗಿರುತ್ತದೆ. ಇಂಗಾಲದ ಮಟ್ಟಿಗೆ ಅದು ಉಳಿದವುಗಳಷ್ಟೇ ಮರ. ಹಾಲು ತೆಗೆಯದ ಕಾರಣಕ್ಕೆ ಎಷ್ಟೋ ಸಲ ಪಕ್ಕದ ಮರಕ್ಕಿಂತ ದಪ್ಪವಾಗಿಯೂ ಇರುತ್ತದೆ.

ಈಗ ಪ್ಲಾಟು. ಕಾಡಿನಲ್ಲಿ ಮಾಡುವಂತೆ 20 ಮೀಟರ್‌ಗೆ 20 ಮೀಟರ್ ಚೌಕ ಹಾಕಿದರೆ ರಬ್ಬರ್ ತೋಟದಲ್ಲಿ ಮೋಸ ಹೋಗುತ್ತೇವೆ. ಕಾಡಿನ ಮರ ಎಲ್ಲೆಂದರಲ್ಲಿ ನಿಂತಿರುತ್ತದೆ, ಇಲ್ಲಿ ಸಾಲು. 6.7 ಮೀಟರ್ ಸಾಲಿನ ಅಂತರ, 3.4 ಮೀಟರ್ ಮರದ ಅಂತರ ಎಂಬ ಸಾಮಾನ್ಯ ಲೆಕ್ಕವನ್ನೇ ತೆಗೆದುಕೊಳ್ಳಿ. ಚೌಕದ ಅಂಚುಗಳು ಎರಡು ಸಾಲಿನ ನಡುಮಧ್ಯೆ ಹಾದರೆ ಒಳಗೆ 3 ಸಾಲು, ಸಾಲಿಗೆ 6 ಮರ, ಒಟ್ಟು 18. ಅದೇ ಚೌಕವನ್ನು ಮೂಲೆಯ ಮರದ ಬುಡದಿಂದ ಶುರುಮಾಡಿ, ಅಂಚಿನ ಮೇಲಿನ, ಅಂಚಿನಿಂದ ಅರ್ಧ ಮೀಟರಿನೊಳಗಿನ ಮರಗಳನ್ನೂ ಸೇರಿಸಿದರೆ 4 ಸಾಲು, ಸಾಲಿಗೆ 7, ಒಟ್ಟು 28. ತೋಟ ಅದೇ, ಟೇಪು ಅದೇ, ಲೆಕ್ಕ ಮಾತ್ರ ಒಂದೂವರೆ ಪಟ್ಟಿಗಿಂತ ಹೆಚ್ಚು. ಬುಡಕ್ಕೆ ಟೇಪು ಸಿಕ್ಕಿಸುವುದು ಸುಲಭವಾದ್ದರಿಂದ ಹೊಸಬರ ಕೈ ತಾನಾಗಿ ಮೂಲೆಯ ಮರಕ್ಕೇ ಹೋಗುತ್ತದೆ. ನಾವು ಪ್ರತಿ ಪ್ಲಾಟಿನ ನಾಲ್ಕೂ ಮೂಲೆಗೆ ಗೂಟ ಹೊಡೆಯುವುದು ನಾಲ್ಕು ಮರಗಳ ನಡುವಿನ ಖಾಲಿ ಜಾಗದಲ್ಲಿ. ತೋಟ 3–4 ಎಕರೆಗಿಂತ ಚಿಕ್ಕದಾಗಿದ್ದರೆ ಪ್ಲಾಟಿನ ಗೊಡವೆಯೇ ಬೇಡ. ಎಲ್ಲ ಮರ ಎಣಿಸಿ, ಪ್ರತಿ ಮೂರನೆಯದೋ ನಾಲ್ಕನೆಯದೋ ಮರದ ಸುತ್ತಳತೆ ತೆಗೆದರೆ ಸಾಕು.

ಇಳಿಜಾರನ್ನು ಮರೆಯಬಾರದು. 20 ಡಿಗ್ರಿ ಇಳಿಜಾರಿನ ಮೇಲೆ ಎಳೆದ 20 ಮೀಟರ್, ಸಮತಲದಲ್ಲಿ 18.8 ಮೀಟರ್ ಮಾತ್ರ. ಹೆಕ್ಟೇರಿನ ಲೆಕ್ಕ ಯಾವಾಗಲೂ ಸಮತಲದ ಮೇಲೆ. ಒಬ್ಬರು ಟೇಪಿನ ಕೆಳ ತುದಿಯನ್ನು ಎತ್ತಿ ಹಿಡಿದು ಮಟ್ಟ ಮಾಡಿದರೂ ಆಯಿತು, ಕೋನ ಅಳೆದು ಕೊಸೈನ್‌ನಿಂದ ಗುಣಿಸಿದರೂ ಆಯಿತು.

ಎಷ್ಟು ಮರ ಅಳೆಯಬೇಕು? ಒಂದೇ ವಯಸ್ಸಿನ ಕಸಿ ತೋಟದಲ್ಲಿ ಸುತ್ತಳತೆಯ ಏರಿಳಿತ ಸರಾಸರಿಯ 20 ಶೇಕಡಾ ಎಂದಿಟ್ಟುಕೊಳ್ಳಿ. ಮರದ ತೂಕ ಸುತ್ತಳತೆಯ ಸುಮಾರು ಎರಡೂವರೆ ಘಾತದ ಲೆಕ್ಕದಲ್ಲಿ ಏರುವುದರಿಂದ ತೂಕದ ಏರಿಳಿತ 50 ಶೇಕಡಾ ಆಗುತ್ತದೆ. ಸರಾಸರಿ 10 ಶೇಕಡಾ ಒಳಗೆ ನಿಲ್ಲಬೇಕಾದರೆ 50ನ್ನು 2ರಿಂದ ಗುಣಿಸಿ, 10ರಿಂದ ಭಾಗಿಸಿ, ವರ್ಗ ಮಾಡಿ: 100 ಮರ. ಇದಕ್ಕಿಂತ ಕಡಿಮೆ ಅಳೆದು ಎರಡು ದಶಮಾಂಶದವರೆಗೆ ವರದಿ ಬರೆಯುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಮಾತು ಇಲ್ಲೇ ಸೇರಬೇಕು. 100 ಮರದ ಸುತ್ತಳತೆಯ ಸರಾಸರಿ ತೆಗೆದು ಅದೊಂದನ್ನೇ ಸಮೀಕರಣಕ್ಕೆ ಹಾಕಬೇಡಿ. ದಪ್ಪ ಮರ ತನ್ನ ದಪ್ಪಕ್ಕಿಂತ ಹೆಚ್ಚಿನ ಪಾಲು ತೂಗುತ್ತದೆ. ಸರಾಸರಿ ಮರದಿಂದ ಲೆಕ್ಕ ಹಾಕಿದರೆ ಮೇಲಿನ ಏರಿಳಿತಕ್ಕೆ ಸುಮಾರು 7 ಶೇಕಡಾ ಕಡಿಮೆ ಬರುತ್ತದೆ. ಒಂದೊಂದು ಮರದ ತೂಕ ಕಂಡುಹಿಡಿದು ಆಮೇಲೆ ಕೂಡಿಸಬೇಕು. ಎಕ್ಸೆಲ್ ಇರುವಾಗ ಇದೇನೂ ಹೆಚ್ಚಿನ ಕೆಲಸವಲ್ಲ.

ಟೇಪು ಸುತ್ತುವ ಜಾಗಕ್ಕೆ ಬರೋಣ. ನಮ್ಮ ದೇಶದಲ್ಲಿ ಎದೆಮಟ್ಟ ಎಂದರೆ 1.37 ಮೀಟರ್, ಹೊರದೇಶಗಳ ಬಹುತೇಕ ಸಮೀಕರಣಗಳಲ್ಲಿ 1.3 ಮೀಟರ್. ಕಸಿ ಕಟ್ಟಿದ ರಬ್ಬರ್ ಮರದ ಕಾಂಡ ಕಂಬದ ಹಾಗೆ ಒಂದೇ ದಪ್ಪ ಇರುವುದರಿಂದ ಈ 7 ಸೆಂಟಿಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೀಜದಿಂದ ಬೆಳೆದ ಹಳೆಯ ಮರ ಬುಡದಲ್ಲಿ ದಪ್ಪ, ಮೇಲೆ ಸಣ್ಣ. ಅಲ್ಲಿ ಎತ್ತರ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಟ್ಯಾಪಿಂಗಿಗೆ ಮರ ಬಂತೇ ಎಂದು ನೋಡುವಾಗ ಕಸಿ ಮರಕ್ಕೆ 125 ಸೆಂ.ಮೀ. ಎತ್ತರದಲ್ಲಿ 50 ಸೆಂ.ಮೀ. ಸುತ್ತಳತೆ, ಬೀಜದ ಮರಕ್ಕೆ 50 ಸೆಂ.ಮೀ. ಎತ್ತರದಲ್ಲಿ 55 ಸೆಂ.ಮೀ. ಎಂದು ಬೇರೆ ಬೇರೆ ಅಳತೆ ಇರುವುದೂ ಈ ಕಾರಣಕ್ಕೇ. ತೋಟದವರ ಹಳೆಯ ಪುಸ್ತಕದಲ್ಲಿ ಸುತ್ತಳತೆ ಬರೆದಿದ್ದರೆ ಯಾವ ಎತ್ತರದಲ್ಲಿ ಅಳೆದದ್ದು ಎಂದು ಕೇಳದೆ ಬಳಸಬೇಡಿ.

ಕಸಿ ಗಂಟಿನಿಂದ 125 ಸೆಂ.ಮೀ. ಮೇಲೆ ಟ್ಯಾಪಿಂಗಿನ ಮೊದಲ ಗೀರು ಬೀಳುತ್ತದೆ, ಅಲ್ಲಿಂದ ಕೆಳಕ್ಕೆ ಇಳಿಯುತ್ತದೆ. ಹಾಗಾದರೆ 1.37 ಮೀಟರ್ ಗೀರಿಗಿಂತ ಒಂದು ಗೇಣಿನೊಳಗೆ ಮೇಲೆ, ಹಾಳಾಗದ ತೊಗಟೆಯ ಮೇಲೆ ಇರಬೇಕು. ಕಾಗದದ ಮೇಲೆ ಇದು ಸರಿ. ಮರದ ಹತ್ತಿರ ನಿಂತು ನೋಡಿ: ಗೀರಿನ ಉದ್ದಕ್ಕೂ ಒಣಗಿದ ಹಾಲಿನ ಪಟ್ಟಿ, ಕೆಳತುದಿಯಲ್ಲಿ ಹಾಲು ಇಳಿಯುವ ತಗಡು, ಅದರ ಕೆಳಗೆ ತಂತಿಯಲ್ಲಿ ಕೂತ ಗೆರಟೆ ಅಥವಾ ಪ್ಲಾಸ್ಟಿಕ್ ಕಪ್. ಗೀರಿನ ಮೇಲೆ, ಸರಿಯಾಗಿ ನಮ್ಮ ಟೇಪು ಹಾಯಬೇಕಾದ ಕಡೆಯಲ್ಲೇ, ಮಳೆಗಾಲಕ್ಕೆಂದು ಡಾಂಬರಿನಂಥ ಅಂಟು ಬಳಿದು ಕಟ್ಟಿದ ಪ್ಲಾಸ್ಟಿಕ್ ಲಂಗ, ರೈನ್‌ಗಾರ್ಡ್. ಜನವರಿಗೆ ಪ್ಲಾಸ್ಟಿಕ್ ಹರಿದಿದ್ದರೂ ಅಂಟಿನ ದಿಬ್ಬ ಉಳಿದಿರುತ್ತದೆ. ಅದರ ಮೇಲೆ ಟೇಪು ಸುತ್ತಿದರೆ ಒಂದೆರಡು ಸೆಂಟಿಮೀಟರ್ ಹೆಚ್ಚು ಓದುತ್ತದೆ. 70 ಸೆಂ.ಮೀ. ಸುತ್ತಳತೆಯ ಮರದಲ್ಲಿ 1 ಸೆಂ.ಮೀ. ತಪ್ಪಿದರೆ ತೂಕದಲ್ಲಿ ಮೂರೂವರೆ ಶೇಕಡಾ ತಪ್ಪು. ಇದು ಎಲ್ಲ ಮರದಲ್ಲೂ ಒಂದೇ ದಿಕ್ಕಿಗೆ ಬೀಳುವ ತಪ್ಪಾದ್ದರಿಂದ ಸರಾಸರಿಯಲ್ಲಿ ಕರಗಿಹೋಗುವುದಿಲ್ಲ.

ಹಾಗಾಗಿ ರೈನ್‌ಗಾರ್ಡ್ ಹಾಕುವ ತೋಟದಲ್ಲಿ ನಾವು 1.37 ಬಿಟ್ಟು 1.50 ಮೀಟರ್‌ನಲ್ಲಿ ಅಳೆಯುತ್ತೇವೆ, ಎಲ್ಲ ಮರಕ್ಕೂ ಅಷ್ಟೇ ಎತ್ತರ, ಹಾಳೆಯ ತಲೆಯಲ್ಲೇ ಅದನ್ನು ಬರೆಯುತ್ತೇವೆ. ಕಡಿಯಲು ಬಂದ ಹಳೆಯ ತೋಟದಲ್ಲಿ ಮೇಲ್ಮುಖವಾಗಿಯೂ ಗೀರು ಹಾಕಿರುತ್ತಾರೆ. ಅಲ್ಲಿ 1.50ರಲ್ಲೂ ತೊಗಟೆ ಗಂಟುಗಂಟು. ಗಾಯವಿಲ್ಲದ ಕಡೆ, 1.80ರಲ್ಲೋ 2 ಮೀಟರ್‌ನಲ್ಲೋ ಅಳೆದು, ಗಾಯವಿಲ್ಲದ ಹತ್ತು ಮರಗಳಲ್ಲಿ ಎರಡೂ ಎತ್ತರದ ಅಳತೆ ತೆಗೆದು ಅನುಪಾತದಿಂದ ಕೆಳಗಿಳಿಸುತ್ತೇವೆ.

ಎತ್ತರ ಗುರುತಿಸಲು ಬೇಕಾದದ್ದು ಒಂದು ಪಿವಿಸಿ ಪೈಪು, ಬೇಕಾದ ಉದ್ದಕ್ಕೆ ಕತ್ತರಿಸಿ ಬುಡಕ್ಕೆ ಚಪ್ಪಟೆ ಮುಚ್ಚಳ ಹಾಕಿದ್ದು. ಅದನ್ನು ಮರದ ಮೇಲ್ಬದಿಯ ನೆಲಕ್ಕೆ, ತರಗೆಲೆ ಸರಿಸಿ ಊರಬೇಕು. ಟೇಪು ಫೈಬರ್‌ಗ್ಲಾಸಿನದೋ ಉಕ್ಕಿನದೋ ಇರಲಿ. ದರ್ಜಿಯ ಬಟ್ಟೆ ಟೇಪು ಹಿಗ್ಗುತ್ತದೆ. ಕಾಂಡಕ್ಕೆ ಅಡ್ಡಲಾಗಿ ನೇರ ಸುತ್ತಿ, ಹಿಂಭಾಗದಲ್ಲಿ ಕೆಳಗೆ ಜಾರಿದೆಯೇ ಎಂದು ಇನ್ನೊಬ್ಬರು ನೋಡಬೇಕು. ಓರೆಯಾದ ಟೇಪು ಯಾವಾಗಲೂ ಹೆಚ್ಚೇ ಓದುತ್ತದೆ.

ಮರದ ಎತ್ತರಕ್ಕೆ ಕೋನ ಅಳೆಯುವ ಕ್ಲೈನೋಮೀಟರ್ ಸಾಕು. ಮರದಿಂದ 15–20 ಮೀಟರ್ ದೂರ ನಿಂತು ತುದಿಯ ಕೋನ, ಬುಡದ ಕೋನ ಓದಿ, ಎರಡರ ಟ್ಯಾಂಜೆಂಟ್ ಕೂಡಿಸಿ ದೂರದಿಂದ ಗುಣಿಸುವುದು. ಎಲ್ಲ ಮರಕ್ಕೂ ಬೇಡ. ಸಣ್ಣದು, ನಡುವಿನದು, ದಪ್ಪದ್ದು ಎಂದು ಆರಿಸಿದ 25–30 ಮರ ಅಳೆದು, ಸುತ್ತಳತೆಗೂ ಎತ್ತರಕ್ಕೂ ಒಂದು ಗೆರೆ ಎಳೆದು ಉಳಿದವನ್ನು ಅದರಿಂದ ತೆಗೆಯುತ್ತೇವೆ. ತಳಿ ಬದಲಾದರೆ ಗೆರೆಯನ್ನೂ ಬದಲಿಸಬೇಕು. ಕರಾವಳಿಯ ತೋಟಗಳಲ್ಲಿ ಆರ್‌ಆರ್‌ಐಐ 105 ತಳಿಗೆ ಕೊರಿನೆಸ್ಪೊರಾ ಎಲೆರೋಗ ಜೋರಾಗಿ ಬಡಿದದ್ದುಂಟು. ವರ್ಷಗಟ್ಟಲೆ ಎಲೆ ಕಳೆದುಕೊಂಡ ಮರ ಅದೇ ವಯಸ್ಸಿನ ಬೇರೆ ತಳಿಯಷ್ಟು ದಪ್ಪವಾಗಿರುವುದಿಲ್ಲ. ವಯಸ್ಸು ನೋಡಿ ಕೋಷ್ಟಕದಿಂದ ಇಂಗಾಲ ಓದುವ ವರದಿಗಳನ್ನು ನಾವು ಒಪ್ಪದಿರುವುದಕ್ಕೆ ಇದೊಂದೇ ಕಾರಣ ಸಾಕು.

ಇನ್ನು ಸಮೀಕರಣ. 2014ರಲ್ಲಿ ಜೆರೋಮ್ ಶಾವ್ ಮತ್ತು ಸಂಗಡಿಗರು ಉಷ್ಣವಲಯದ 4,004 ಮರಗಳನ್ನು ಕಡಿದು ತೂಗಿದ ದತ್ತಾಂಶದಿಂದ ಕೊಟ್ಟದ್ದನ್ನು ಬಳಸುತ್ತೇವೆ. ಮರದ ಸಾಂದ್ರತೆ, ಸೆಂಟಿಮೀಟರ್‌ನಲ್ಲಿ ವ್ಯಾಸದ ವರ್ಗ, ಮೀಟರ್‌ನಲ್ಲಿ ಎತ್ತರ, ಮೂರನ್ನೂ ಗುಣಿಸಿ, ಬಂದದ್ದನ್ನು 0.976 ಘಾತಕ್ಕೇರಿಸಿ, 0.0673ರಿಂದ ಗುಣಿಸಿದರೆ ನೆಲದ ಮೇಲಿನ ಒಣ ತೂಕ ಕೆ.ಜಿ.ಯಲ್ಲಿ. ಇಲ್ಲಿ ಬೇಕಾದದ್ದು ವ್ಯಾಸ, ಟೇಪು ಕೊಡುವುದು ಸುತ್ತಳತೆ. 3.1416ರಿಂದ ಭಾಗಿಸಲು ಮರೆತ ಎಕ್ಸೆಲ್ ಹಾಳೆಗಳನ್ನು ನೋಡಿದ್ದೇವೆ. ಮರ ಒಂಬತ್ತು ಪಟ್ಟಿಗಿಂತ ಹೆಚ್ಚು ತೂಗಿಬಿಡುತ್ತದೆ.

ಆದರೆ ಆ 4,004 ಮರಗಳು ಸಹಜ ಕಾಡಿನವು. ಸಾಲಿನಲ್ಲಿ ನೆಟ್ಟು, ಹದಿನೈದಿಪ್ಪತ್ತು ವರ್ಷ ಹಾಲು ತೆಗೆದ ಮರಕ್ಕೆ ಅದು ಹೊಂದುತ್ತದೆಯೇ ಎಂದು ನೋಡದೆ ಬಳಸುವುದು ಸರಿಯಲ್ಲ. ಮರುನಾಟಿಗೆ ಕಡಿಯುವ ತೋಟ ಸಿಕ್ಕಾಗ ಮರ ತೂಗಿ ನೋಡುತ್ತೇವೆ. ಸಣ್ಣದರಿಂದ ದಪ್ಪದವರೆಗೆ 6–8 ಮರ. ಬೀಳಿಸುವ ಮುಂಚೆ ಸುತ್ತಳತೆ, ಬಿದ್ದ ಮೇಲೆ ಟೇಪಿನಲ್ಲಿ ನಿಜವಾದ ಉದ್ದ. ಕ್ಲೈನೋಮೀಟರ್ ಎಷ್ಟು ತಪ್ಪಿತ್ತೆಂದು ಆಗಲೇ ತಿಳಿಯುತ್ತದೆ. ಕೆಳಗೆ ಟಾರ್ಪಾಲ್ ಹಾಸಿ ಕಾಂಡವನ್ನು 1 ಮೀಟರ್ ತುಂಡು ಮಾಡಿ ಕೊಕ್ಕೆ ತಕ್ಕಡಿಗೆ ಹಾಕಿ ತೂಗುವುದು, ಗರಗಸದ ಹುಡಿಯನ್ನೂ ಬಾಚಿ ತೂಗುವುದು. ದಪ್ಪ ರೆಂಬೆ, ಸಣ್ಣ ಟೊಂಗೆ ಬೇರೆ ಬೇರೆ. ಮರದ ವ್ಯಾಪಾರಿಯ ಲಾರಿ ಕಾಯುತ್ತಿರುತ್ತದೆ. ಮುಂಚಿತವಾಗಿ ಮಾತಾಡಿಕೊಳ್ಳದಿದ್ದರೆ ಅರ್ಧ ಮರ ತೂಗುವಷ್ಟರಲ್ಲಿ ಉಳಿದರ್ಧ ಲೋಡ್ ಆಗಿರುತ್ತದೆ.

ಬುಡ, ನಡು, ತುದಿಯಿಂದ 5 ಸೆಂ.ಮೀ. ದಪ್ಪದ ಬಿಲ್ಲೆ ಕತ್ತರಿಸಿ, ಕತ್ತರಿಸಿದ ಹತ್ತು ನಿಮಿಷದೊಳಗೆ ಅಲ್ಲೇ ಹಸಿ ತೂಕ ತೆಗೆಯಬೇಕು. ಇದನ್ನು ಬೆಂಗಳೂರಿಗೆ ಬಂದು ಮಾಡಿದರಾಯಿತು ಎಂದುಕೊಂಡರೆ ಇಡೀ ಶ್ರಮ ನೀರುಪಾಲು. ಶಿರಾಡಿ ಘಾಟಿ ಹತ್ತಿ, ಕರಾವಳಿಯ ತೇವ ಬಿಟ್ಟು ಬಯಲುಸೀಮೆಯ ಒಣಗಾಳಿಗೆ ಬರುವಷ್ಟರಲ್ಲಿ ಬಿಲ್ಲೆ ಸಾಕಷ್ಟು ನೀರು ಕಳೆದುಕೊಂಡಿರುತ್ತದೆ. ಗುರುತಿನ ಸಂಖ್ಯೆ ಪೆನ್ಸಿಲಿನಲ್ಲಿ ಬರೆಯಿರಿ. ಸ್ಕೆಚ್ ಪೆನ್ನಿನ ಶಾಯಿ ತೊಗಟೆಯಿಂದ ಒಸರುವ ಹಾಲಿನಲ್ಲೇ ಅಳಿಸಿಹೋಗುತ್ತದೆ. ಆ ಹಾಲೇ ಬಿಲ್ಲೆಗಳನ್ನು ಒಂದಕ್ಕೊಂದು ಅಂಟಿಸಿಬಿಡುವುದರಿಂದ ನಡುವೆ ಪತ್ರಿಕೆಯ ಹಾಳೆ ಇಡಬೇಕು. ಪ್ಲಾಸ್ಟಿಕ್ ಚೀಲ ಬೇಡ, ಬಟ್ಟೆ ಚೀಲ. ರಬ್ಬರ್ ಮರದಲ್ಲಿ ಪಿಷ್ಟ ಹೆಚ್ಚು. ಹಸಿಯಾಗಿ ಮುಚ್ಚಿಟ್ಟರೆ ಕೆಲವೇ ದಿನಕ್ಕೆ ನೀಲಿಗಟ್ಟಿ ಬೂಸ್ಟು ಹಿಡಿಯುತ್ತದೆ. ಬೂಸ್ಟು ತಿಂದದ್ದೂ ನಾವು ಅಳೆಯಬೇಕಿದ್ದ ಇಂಗಾಲವೇ.

ಬೆಂಗಳೂರಿಗೆ ಬಂದ ಕೂಡಲೇ ಬಿಲ್ಲೆಗಳನ್ನು ಬಕೆಟ್ ನೀರಿನಲ್ಲಿ ತೂಕ ಏರುವುದು ನಿಲ್ಲುವವರೆಗೆ ನೆನೆಸಿ ಗಾತ್ರ ಅಳೆಯುತ್ತೇವೆ. ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ, ಬಿಲ್ಲೆಯನ್ನು ತೆಳು ಸೂಜಿಯಿಂದ ಪೂರ್ತಿ ಮುಳುಗುವಂತೆ ಒತ್ತಿ ಹಿಡಿಯಬೇಕು, ಬದಿಗೂ ತಳಕ್ಕೂ ತಾಗಬಾರದು. ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಗಾತ್ರ ಅಷ್ಟು ಘನ ಸೆಂಟಿಮೀಟರ್. ಆಮೇಲೆ 105 ಡಿಗ್ರಿ ಒಲೆ. 5 ಸೆಂ.ಮೀ. ಬಿಲ್ಲೆಗೆ ನಾಲ್ಕೈದು ದಿನ ಹಿಡಿಯುತ್ತದೆ. ಇಷ್ಟು ಗಂಟೆ ಎಂದು ಲೆಕ್ಕ ಇಡಬೇಡಿ, ಕರೆಂಟ್ ಹೋದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ. ದಿನಕ್ಕೊಮ್ಮೆ ತೂಗಿ, ತೂಕ ನಿಂತಾಗ ನಿಲ್ಲಿಸಿ. ಬಿಸಿ ಬಿಲ್ಲೆಯನ್ನು ಹೊರಗಿಟ್ಟು ಆರಿಸಿದರೆ ಗಾಳಿಯ ತೇವ ಹೀರುತ್ತದೆ, ತೇವ ಹೀರುವ ಸಿಲಿಕಾ ಜೆಲ್ ಇರುವ ಮುಚ್ಚಿದ ಪಾತ್ರೆಯಲ್ಲೇ (ಡೆಸಿಕೇಟರ್) ಆರಬೇಕು. 1,240 ಘನ ಸೆಂ.ಮೀ. ಗಾತ್ರದ ಬಿಲ್ಲೆ 657 ಗ್ರಾಂ ಒಣಗಿದರೆ ಸಾಂದ್ರತೆ 0.53.

ಈಗ ಒಂದು ಮರದ ಲೆಕ್ಕ. ಸುತ್ತಳತೆ 72 ಸೆಂ.ಮೀ., ವ್ಯಾಸ 22.9, ಎತ್ತರ 18 ಮೀಟರ್, ಸಾಂದ್ರತೆ 0.53. ನೆಲದ ಮೇಲಿನ ಒಣ ತೂಕ 274 ಕೆ.ಜಿ. ಬೇರಿಗೆ ಐಪಿಸಿಸಿಯ (ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ) 2006ರ ಮಾರ್ಗಸೂಚಿ, ನೆಲದ ಮೇಲಿನ ತೂಕದ ಪಾಲಾಗಿ, ಉಷ್ಣವಲಯದ ಮಳೆಕಾಡಿಗೆ 0.37, ತೇವ ಎಲೆಯುದುರುವ ಕಾಡಿಗೆ ಆ ತೂಕ ಹೆಕ್ಟೇರಿಗೆ 125 ಟನ್ನಿನೊಳಗಿದ್ದರೆ 0.20 ಎನ್ನುತ್ತದೆ. ದಕ್ಷಿಣ ಕನ್ನಡದಲ್ಲಿ ಮಳೆ ಧಾರಾಳ, ಆದರೆ ಬೇಸಿಗೆಯೂ ಉದ್ದ. ಎರಡರಲ್ಲಿ ಯಾವುದಕ್ಕಾದರೂ ವಾದ ಹೂಡಬಹುದು. ನಾವು ಕಡಿಮೆಯದನ್ನೇ ಹಿಡಿಯುತ್ತೇವೆ, ವರದಿಯಲ್ಲಿ ಅದನ್ನು ಬರೆದೂ ಇಡುತ್ತೇವೆ. ಬೇರೂ ಸೇರಿ 329 ಕೆ.ಜಿ., ಅದರಲ್ಲಿ ಇಂಗಾಲ 0.47 ಪಾಲು, ಅಂದರೆ 155 ಕೆ.ಜಿ. ಎಕರೆಗೆ 140 ಮರ ಉಳಿದಿದ್ದು ಎಲ್ಲವೂ ಇದೇ ಗಾತ್ರದವು ಎಂದರೆ 21.7 ಟನ್ ಇಂಗಾಲ. 44ರಿಂದ ಗುಣಿಸಿ 12ರಿಂದ ಭಾಗಿಸಿದರೆ ಸುಮಾರು 80 ಟನ್ ಕಾರ್ಬನ್ ಡೈಆಕ್ಸೈಡ್. ಯಾರಾದರೂ ನಿಮ್ಮ ತೋಟಕ್ಕೆ ಒಂದು ಅಂಕಿ ಹೇಳಿದರೆ, ಅದು ಇಂಗಾಲದ ಟನ್ನೋ ಕಾರ್ಬನ್ ಡೈಆಕ್ಸೈಡಿನ ಟನ್ನೋ ಎಂದು ಮೊದಲು ಕೇಳಿ. ಮೂರೂವರೆ ಪಟ್ಟು ವ್ಯತ್ಯಾಸ ಆ ಒಂದು ಪದದಲ್ಲಿದೆ.

ತರಗೆಲೆಯ ಇಂಗಾಲ ಮರದ ಮುಂದೆ ಚಿಕ್ಕದು. ಅರ್ಧ ಮೀಟರ್ ಚೌಕದ ಕಬ್ಬಿಣದ ಚೌಕಟ್ಟು ಇಟ್ಟು, ಅಂಚನ್ನು ಕತ್ತಿಯಿಂದ ಕತ್ತರಿಸಿ ಒಳಗಿನದನ್ನೆಲ್ಲ ಬಾಚಿ, 70 ಡಿಗ್ರಿಯಲ್ಲಿ ಒಣಗಿಸುವುದು. ಎಲೆ ಉದುರುವ ಮುಂಚೆ ನವೆಂಬರಿನಲ್ಲೊಮ್ಮೆ, ಉದುರಿದ ಮೇಲೆ ಫೆಬ್ರವರಿಯಲ್ಲೊಮ್ಮೆ ತೆಗೆಯುತ್ತೇವೆ. ಫೆಬ್ರವರಿಯದೊಂದನ್ನೇ ಹಿಡಿದು ವರ್ಷಪೂರ್ತಿ ಅಷ್ಟೇ ಇರುತ್ತದೆ ಎಂದರೆ ಸರಿಯಾಗುವುದಿಲ್ಲ. ಎಳೆಯ ತೋಟದಲ್ಲಿ ನೆಲ ಮುಚ್ಚಲು ಮ್ಯೂಕುನ ಬಳ್ಳಿ ಹಬ್ಬಿಸಿದ್ದರೆ ಅದನ್ನೂ ಚೌಕಟ್ಟಿನೊಳಗಿಂದ ಕತ್ತರಿಸಿ ಬೇರೆ ಚೀಲಕ್ಕೆ ಹಾಕಬೇಕು. ಚಪ್ಪರ ಕೂಡಿ ನೆರಳಾದಂತೆ ಆ ಬಳ್ಳಿ ಸೊರಗುತ್ತದೆ, ಆಮೇಲೆ ಲೆಕ್ಕಕ್ಕಿಲ್ಲ.

ಮಣ್ಣಿನದೇ ದೊಡ್ಡ ಕೆಲಸ. ಅಲ್ಲಿಯ ಗುಡ್ಡದ ಮಣ್ಣಿನಲ್ಲಿ ಮುರಕಲ್ಲಿನ (ಲ್ಯಾಟರೈಟ್) ಹರಳು ತುಂಬಿರುತ್ತದೆ. ಪ್ರಯೋಗಾಲಯ ಕೊಡುವ ಸಾವಯವ ಇಂಗಾಲದ ಶೇಕಡಾ, ಕಲ್ಲು ತೆಗೆದು 2 ಮಿ.ಮೀ. ಜರಡಿ ಹಿಡಿದ ಹುಡಿಯದು. ಆ ಶೇಕಡಾವನ್ನು ಕಲ್ಲು ಸೇರಿದ ನೆಲಕ್ಕೆ ಹಾಗೆಯೇ ಗುಣಿಸಿದರೆ ಕಲ್ಲಿಗೂ ಇಂಗಾಲ ಹಂಚಿದಂತೆ. ಉಕ್ಕಿನ ಬಳೆ ಹೊಡೆದು ಸಾಂದ್ರತೆ ತೆಗೆಯುವ ಸಾಮಾನ್ಯ ವಿಧಾನ ಇಲ್ಲಿ ನಡೆಯುವುದಿಲ್ಲ, ಬಳೆ ಕಲ್ಲಿಗೆ ತಾಗಿ ಡೊಂಕಾಗುತ್ತದೆ. ಕಲ್ಲಿಲ್ಲದ ಜಾಗ ಹುಡುಕಿ ಹೊಡೆದರೆ ಬಳೆಯೇನೋ ಇಳಿಯುತ್ತದೆ, ಆದರೆ ಆ ಸಾಂದ್ರತೆ ತೋಟದ್ದಲ್ಲ.

ನಾವು ಗುಂಡಿ ವಿಧಾನ ಮಾಡುತ್ತೇವೆ. ತರಗೆಲೆ ಸರಿಸಿ ನೆಲ ಮಟ್ಟ ಮಾಡಿ, ಸುಮಾರು 15 ಸೆಂ.ಮೀ. ಅಗಲ, ಸರಿಯಾಗಿ 15 ಸೆಂ.ಮೀ. ಆಳದ ಗುಂಡಿ ತೋಡಿ, ಬಂದ ಮಣ್ಣು, ಕಲ್ಲು, ಬೇರು ಒಂದು ಚೂರೂ ಚೆಲ್ಲದೆ ಚೀಲಕ್ಕೆ ತುಂಬುವುದು. ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮಡಿಕೆ ಬೀಳದಂತೆ ಒತ್ತಿ, ಅಳತೆ ಜಾಡಿಯಿಂದ ನೆಲದ ಮಟ್ಟದವರೆಗೆ ನೀರು ಹುಯ್ಯುವುದು. ಹಿಡಿದ ನೀರೇ ಗುಂಡಿಯ ಗಾತ್ರ. ಆಮೇಲೆ ಅದೇ ಗುಂಡಿಯನ್ನು 30 ಸೆಂ.ಮೀ.ಗೆ ಇಳಿಸಿ ಎರಡನೆಯ ಪದರ. ಸಾಲಿನ ನಡುವೆಯೂ, ಗೊಬ್ಬರ ಬೀಳುವ ಬುಡದ ಸುತ್ತಲೂ ಬೇರೆ ಬೇರೆ ಗುಂಡಿ ತೋಡಿ, ಆಯಾ ಜಾಗ ತೋಟದಲ್ಲಿ ಎಷ್ಟು ಪಾಲಿದೆಯೋ ಆ ಲೆಕ್ಕದಲ್ಲಿ ಸೇರಿಸಬೇಕು. ನೀರಿಂಗಿಸಲು ತೋಡಿದ ಗುಂಡಿಗಳ ಪಕ್ಕ ತೆಗೆಯಬಾರದು.

ಒಂದು ಗುಂಡಿಯ ಅಂಕಿ ನೋಡಿ. ಗಾತ್ರ 2,600 ಮಿ.ಲೀ., ಒಣಗಿಸಿ ಜರಡಿ ಹಿಡಿದಾಗ ಹುಡಿ 2,080 ಗ್ರಾಂ, ಕಲ್ಲು 1,170 ಗ್ರಾಂ. ಹುಡಿಯ ತೂಕವನ್ನು ಇಡೀ ಗುಂಡಿಯ ಗಾತ್ರದಿಂದ ಭಾಗಿಸಿ: 0.80. ಸಾವಯವ ಇಂಗಾಲ 2.2 ಶೇಕಡಾ ಇದ್ದರೆ 2.2, 0.80, ಆಳ 15, ಮೂರನ್ನೂ ಗುಣಿಸಿದಾಗ ಹೆಕ್ಟೇರಿಗೆ 26.4 ಟನ್. ಕಲ್ಲನ್ನೂ ಸೇರಿಸಿ ಸಾಂದ್ರತೆ 1.25 ಎಂದು ಹಾಕಿದ್ದರೆ 41 ಟನ್ ಮೀರುತ್ತಿತ್ತು. ಈ 15 ಟನ್ ಎಲ್ಲಿಯೂ ಇಲ್ಲದ ಇಂಗಾಲ. ಮಣ್ಣಿನ ಆರೋಗ್ಯ ಚೀಟಿಯ ಶೇಕಡಾ ಗೊಬ್ಬರ ಹಾಕಲು ಒಳ್ಳೆಯದು. ಅದರಲ್ಲಿ ಸಾಂದ್ರತೆಯೂ ಇಲ್ಲ, ಕಲ್ಲಿನ ಪಾಲೂ ಇಲ್ಲ, ಆದ್ದರಿಂದ ಇಂಗಾಲದ ದಾಸ್ತಾನಿಗೆ ಅದು ಸಾಲದು.

ಶೇಕಡಾ ತೆಗೆಯುವುದು 1934ರ ವಾಕ್ಲಿ–ಬ್ಲ್ಯಾಕ್ ವಿಧಾನದಿಂದ. 0.2 ಮಿ.ಮೀ. ಜರಡಿ ದಾಟಿದ ಮಣ್ಣು 0.5 ಗ್ರಾಂ ಫ್ಲಾಸ್ಕಿಗೆ. ಕಬ್ಬಿಣದ ಒರಳಿನಲ್ಲಿ ಅರೆಯಬೇಡಿ, ಸವೆದ ಕಬ್ಬಿಣವೂ ಡೈಕ್ರೋಮೇಟನ್ನು ತಿಂದು ಇಂಗಾಲವೆಂದು ತೋರಿಸುತ್ತದೆ, ಪಿಂಗಾಣಿ ಒರಳೇ ಆಗಬೇಕು. 1 ನಾರ್ಮಲ್ ಪೊಟ್ಯಾಸಿಯಂ ಡೈಕ್ರೋಮೇಟ್ 10 ಮಿ.ಲೀ., ಅದರ ಮೇಲೆ ಸಾಂದ್ರ ಗಂಧಕಾಮ್ಲ 20 ಮಿ.ಲೀ. ಒಮ್ಮೆಗೇ. ಒಂದು ನಿಮಿಷ ಮೆಲ್ಲಗೆ ತಿರುಗಿಸಿ, ಮರದ ಹಲಗೆಯ ಮೇಲೆ 30 ನಿಮಿಷ ಬಿಡುವುದು. ಕಿತ್ತಳೆ ಬಣ್ಣ ಕಂದಿಗೆ ತಿರುಗುತ್ತದೆ. ಆಗಲೇ ಕಡುಹಸಿರಾಗಿಬಿಟ್ಟರೆ ಡೈಕ್ರೋಮೇಟ್ ಮುಗಿದಿದೆ ಎಂದು ಅರ್ಥ, 0.25 ಗ್ರಾಂ ಮಣ್ಣಿನಿಂದ ಮತ್ತೆ ಶುರು. ಆಮೇಲೆ 200 ಮಿ.ಲೀ. ನೀರು, 10 ಮಿ.ಲೀ. ಫಾಸ್ಫಾರಿಕ್ ಆಮ್ಲ, 1 ಮಿ.ಲೀ. ಡೈಫಿನೈಲ್‌ಅಮೀನ್ ಸೂಚಕ. ಬ್ಯುರೆಟ್ಟಿನಲ್ಲಿ 0.5 ನಾರ್ಮಲ್ ಫೆರಸ್ ಅಮೋನಿಯಂ ಸಲ್ಫೇಟ್. ಹನಿ ಹನಿ ಬೀಳುತ್ತಿದ್ದಂತೆ ಕಪ್ಪುಗಟ್ಟಿದ ನೇರಳೆ ನೀಲಿಯಾಗುತ್ತದೆ, ನೀಲಿ ಮಸುಕಾಗುತ್ತದೆ, ಒಂದೇ ಹನಿಗೆ ಇಡೀ ಫ್ಲಾಸ್ಕು ಎಲೆಹಸಿರು. ಆ ಹನಿಗೆ ನಿಲ್ಲಬೇಕು. ನೀಲಿ ಮಸುಕಾದ ಮೇಲೆ ಕೈ ನಿಧಾನ ಮಾಡದಿದ್ದರೆ ಒಂದು ಮಿ.ಲೀ. ದಾಟಿಹೋಗಿರುತ್ತದೆ.

ಮಣ್ಣಿಲ್ಲದ ಬ್ಲ್ಯಾಂಕಿಗೆ 20 ಮಿ.ಲೀ., ಮಣ್ಣಿನದಕ್ಕೆ 13 ಮಿ.ಲೀ. ಹೋಯಿತೆನ್ನಿ. 7ನ್ನು 20ರಿಂದ ಭಾಗಿಸಿ 10ರಿಂದ ಗುಣಿಸಿದರೆ 3.5 ಮಿ.ಲೀ. ಡೈಕ್ರೋಮೇಟ್ ಖರ್ಚು. ಪ್ರತಿ ಮಿ.ಲೀ.ಗೆ 0.003 ಗ್ರಾಂ ಇಂಗಾಲ, ಅರ್ಧ ಗ್ರಾಂ ಮಣ್ಣಿಗೆ 2.1 ಶೇಕಡಾ. ಈ ವಿಧಾನ ಸುಮಾರು 77 ಶೇಕಡಾ ಇಂಗಾಲವನ್ನಷ್ಟೇ ಹಿಡಿಯುತ್ತದೆಂದು 1.3ರಿಂದ ಗುಣಿಸಿ 2.73 ಎಂದು ಬರೆಯುವುದು ವಾಡಿಕೆ. ಹೊರಗಿನ ಪ್ರಯೋಗಾಲಯಕ್ಕೆ ಕೊಟ್ಟಿದ್ದರೆ ಈ 1.3 ಸೇರಿದೆಯೋ ಇಲ್ಲವೋ ಬರಹದಲ್ಲಿ ಕೇಳಿ ಪಡೆಯಿರಿ. ಎರಡು ಸಲ ಸೇರಿಸಿದ ವರದಿಗಳೂ ಇವೆ.

ಈ ವಿಧಾನದಲ್ಲಿ ಹೊರಗಿನಿಂದ ಬಿಸಿ ಕೊಡುವುದಿಲ್ಲ, ಆಮ್ಲ ಬೆರೆತಾಗ ಹುಟ್ಟುವ ಬಿಸಿಯೇ ಆಧಾರ. ಡಿಸೆಂಬರಿನ ಬೆಂಗಳೂರಿನ ತಣ್ಣನೆಯ ಬೆಳಗ್ಗೆ ಮಾಡಿದ ಮಾದರಿಯೂ ಏಪ್ರಿಲಿನ ಮಧ್ಯಾಹ್ನ ಮಾಡಿದ್ದೂ ಒಂದೇ ಮಣ್ಣಿಗೆ ಒಂದೇ ಉತ್ತರ ಕೊಡಬೇಕಿಲ್ಲ. ಅದಕ್ಕೇ ಪ್ರತಿ ತಂಡದ ಜೊತೆ ಎರಡು ಬ್ಲ್ಯಾಂಕ್, ಇಂಗಾಲದ ಪ್ರಮಾಣ ಗೊತ್ತಿರುವ ಒಂದು ಮಣ್ಣು ಇಟ್ಟೇ ಇಡುತ್ತೇವೆ. ಉಳಿದ ದ್ರಾವಣದಲ್ಲಿ ಕ್ರೋಮಿಯಂ ಇರುತ್ತದೆ. ಅದನ್ನು ಸಿಂಕಿಗೆ ಸುರಿದರೆ ಹೋಗಿ ಸೇರುವುದು ನಮ್ಮದೇ ರಾಜಕಾಲುವೆ, ನಮ್ಮದೇ ಕೆರೆ. ಹೆಚ್ಚುವರಿ ಫೆರಸ್ ಲವಣದಿಂದ ಪೂರ್ತಿ ಹಸಿರಾಗಿಸಿ, ಸುಣ್ಣದಿಂದ ಆಮ್ಲ ಕಳೆದು ಕೆಸರು ಇಳಿಸಿ, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಬೇಕು. ಇಂಗಾಲ ಅಳೆಯುವ ಕೆಲಸ ಕೆರೆಗೆ ವಿಷ ಹಾಕಬಾರದು.

ಹಾಲಿನಲ್ಲಿ ಹೋಗುವ ಇಂಗಾಲವನ್ನೂ ಸೇರಿಸಿ ಎನ್ನುವವರಿದ್ದಾರೆ. ಒಣ ರಬ್ಬರಿನ ತೂಕದಲ್ಲಿ 88 ಶೇಕಡಾ ಇಂಗಾಲವೇ. ಹೆಕ್ಟೇರಿಗೆ ವರ್ಷಕ್ಕೆ 1,500 ಕೆ.ಜಿ. ಎಂದಿಟ್ಟುಕೊಂಡರೆ 1.3 ಟನ್, 18 ವರ್ಷ ಟ್ಯಾಪಿಂಗಿಗೆ ಸುಮಾರು 24 ಟನ್. ಅಂಕಿ ದೊಡ್ಡದೇ, ಆದರೆ ಅದು ತೋಟದಲ್ಲಿ ಉಳಿದಿಲ್ಲ. ಶೀಟಾಗಿ, ಟೈರಾಗಿ, ಸವೆದು, ಕೊನೆಗೆ ಎಷ್ಟೋ ಕಡೆ ಉರಿದುಹೋಗುತ್ತದೆ. ನಾವು ಅದನ್ನು ದಾಸ್ತಾನಿಗೆ ಸೇರಿಸುವುದಿಲ್ಲ. ಕಡಿದ ಮರದ ವಿಷಯ ಬೇರೆ. ಬೋರಾಕ್ಸ್–ಬೋರಿಕ್ ಆಮ್ಲದಲ್ಲಿ ಸಂಸ್ಕರಿಸಿ ಪೀಠೋಪಕರಣವಾದ ಹಲಗೆಗೆ ಐಪಿಸಿಸಿ 35 ವರ್ಷದ ಅರ್ಧಾಯು (ಇಂಗಾಲದಲ್ಲಿ ಅರ್ಧ ಕಳೆಯಲು ಹಿಡಿಯುವ ಕಾಲ) ಕೊಡುತ್ತದೆ, ಪ್ಲೈವುಡ್‌ನಂಥ ಫಲಕಕ್ಕೆ 25. ಇಟ್ಟಿಗೆ ಗೂಡಿಗೆ ಹೋದ ಟೊಂಗೆ ಕೆಲವೇ ತಿಂಗಳಲ್ಲಿ ಗಾಳಿಗೆ ವಾಪಸ್. ಲಾರಿ ಎಲ್ಲಿಗೆ ಹೋಯಿತೆಂಬ ರಸೀದಿ ಇದ್ದರೆ ಮಾತ್ರ ಹಲಗೆಯ ಪಾಲು ಬರೆಯುತ್ತೇವೆ.

ಕೊನೆಗೆ ಉಳಿಯುವುದು ಕಡಿಯುವ ಪ್ರಶ್ನೆ. 25ನೇ ವರ್ಷದಲ್ಲಿ ಹೆಕ್ಟೇರಿಗೆ ಮರದಲ್ಲಿ 53 ಟನ್ ಇಂಗಾಲ ಇದ್ದರೂ, 26ನೇ ವರ್ಷದಲ್ಲಿ ಅಲ್ಲಿ ಇರುವುದು ಮೊಣಕಾಲೆತ್ತರದ ಸಸಿ. ತೋಟ ಹಿಡಿದಿಟ್ಟ ಇಂಗಾಲ ಎಂದರೆ ನೆಟ್ಟಲ್ಲಿಂದ ಕಡಿಯುವವರೆಗಿನ ಇಡೀ ಸುತ್ತಿನ ಸರಾಸರಿ. ಟ್ಯಾಪಿಂಗ್ ಶುರುವಾದ ಮೇಲೆ ಬೆಳವಣಿಗೆ ನಿಧಾನವಾಗುವುದರಿಂದ ಅದು ಅರ್ಧಕ್ಕಿಂತ ತುಸು ಹೆಚ್ಚು, 30 ಟನ್ನಿನ ಆಸುಪಾಸು. ಕಾರ್ಬನ್ ಕ್ರೆಡಿಟ್‌ಗೆ ಪ್ರಮಾಣಪತ್ರ ಕೊಡುವ ವೆರ್ರಾದಂಥ ಸಂಸ್ಥೆಗಳ ಸ್ವಯಂಪ್ರೇರಿತ ಮಾರುಕಟ್ಟೆಯ ನಿಯಮವೂ ಕಡಿಯುವ ತೋಟಕ್ಕೆ ಈ ದೀರ್ಘಾವಧಿ ಸರಾಸರಿಯನ್ನೇ ಮಿತಿ ಮಾಡುತ್ತದೆ. ಅದರಿಂದ ನೆಡುವ ಮುಂಚೆ ಅಲ್ಲಿ ಇದ್ದದ್ದನ್ನು ಕಳೆಯಬೇಕು. ಹುಲ್ಲುಗುಡ್ಡವಾಗಿದ್ದರೆ ಮರದ ಲೆಕ್ಕದಲ್ಲಿ ಕಳೆಯುವುದು ಅಲ್ಪ, ಗೇರು ತೋಟವಾಗಿದ್ದರೆ ಸಾಕಷ್ಟು. ಕಾಡು ಕಡಿದು ನೆಟ್ಟಿದ್ದರೆ ಉತ್ತರ ಸೊನ್ನೆಗಿಂತ ಕೆಳಗೆ. ಮೊದಲೇ ರಬ್ಬರ್ ಇದ್ದ ಕಡೆ ಮತ್ತೆ ರಬ್ಬರ್ ನೆಟ್ಟರೆ ಹೊಸದಾಗಿ ಸೇರುವುದು ಹೆಚ್ಚೇನೂ ಇಲ್ಲ, ಸರಾಸರಿ ಇದ್ದಲ್ಲೇ ಇರುತ್ತದೆ.

ಸರಾಸರಿಯ ಗೆರೆ ಎಳೆಯಲು ಒಂದೇ ಊರಿನಲ್ಲಿ 5, 10, 15, 20, 25 ವರ್ಷದ ತುಂಡುಗಳನ್ನು ಅಳೆಯುತ್ತೇವೆ. ಅಳೆದ ಮರಗಳಿಗೆ ಹಳದಿ ಆಯಿಲ್ ಪೇಂಟಿನ ಗೆರೆ ಹಾಕಿ ಬರುತ್ತೇವೆ. ಗೆರೆಯ ಮೇಲಂಚೇ ಟೇಪಿನ ಕೆಳಂಚು ಎಂದು ಹಾಳೆಯಲ್ಲೂ ಬರೆದಿರುತ್ತದೆ. ಮುಂದಿನ ಸಲ ಬೇರೆಯವರೇ ಹೋದರೂ ಅದೇ ಜಾಗಕ್ಕೆ ಟೇಪು ಕೂರಬೇಕು. ಗೆರೆಯನ್ನು ಗೀರಿನ ಎದುರು ಬದಿಗೆ ಹಾಕಿ, ಟ್ಯಾಪಿಂಗ್ ಮಾಡುವವರಿಗೆ ತೋರಿಸಿ ಹೇಳಿ ಬರಬೇಕು. ಇಲ್ಲದಿದ್ದರೆ ಮುಂದಿನ ಮೇ ತಿಂಗಳಲ್ಲಿ ರೈನ್‌ಗಾರ್ಡಿನ ಅಂಟು ಅದರ ಮೇಲೇ ಬೀಳುತ್ತದೆ.